ನಾಯಿ ಎಳೆಯುತ್ತಿದ್ದರೆ ಹಗ್ಗದ ಈಚೆ ತುದಿಯನ್ನೂ ನೋಡಿ

ಬೆಳಗ್ಗೆ ಆರೂವರೆಗೆ ಬೆಂಗಳೂರಿನ ಯಾವುದಾದರೂ ಲೇಔಟ್‌ನ ಮೂಲೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಮೊದಲು ಒಂದು ಲ್ಯಾಬ್ರಡಾರ್ ಬರುತ್ತದೆ, ನಾಲಗೆ ಹೊರಚಾಚಿ, ಗಂಟಲಲ್ಲಿ ಗೊರಗೊರ ಸದ್ದು ಮಾಡುತ್ತಾ. ಅದರ ಹಿಂದೆ ಚೈನು. ಚೈನಿನ ಹಿಂದೆ, ಬೆನ್ನು ಹಿಂದಕ್ಕೆ ವಾಲಿಸಿ, ಚಪ್ಪಲಿ ಜಾರದ ಹಾಗೆ ಹೆಜ್ಜೆ ಊರುತ್ತಾ ಒಬ್ಬ ಮನುಷ್ಯ. ಯಾರು ಯಾರನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದಾರೆ ಅನ್ನೋ ಹಳೇ ಜೋಕ್ ಪಕ್ಕಕ್ಕಿಡೋಣ. ಎಷ್ಟೋ ಸಲ ಆ ಮನುಷ್ಯ ನಾಯಿಯ ಮಾಲೀಕನೇ ಅಲ್ಲ. ತಿಂಗಳ ಲೆಕ್ಕದಲ್ಲಿ ನಾಲ್ಕೈದು ಮನೆಗಳ ನಾಯಿಗಳನ್ನು ಸುತ್ತಾಡಿಸೋ ಹುಡುಗ. ಅಥವಾ ಪಾತ್ರೆ ತೊಳೆದು, ನೆಲ ಒರೆಸಿ ಮುಗಿಸಿದ ಮೇಲೆ 'ಹಾಗೇ ಇವನನ್ನೂ ಒಂದು ರೌಂಡ್ ಕರ್ಕೊಂಡ್ ಬಂದ್ಬಿಡಿ ಅಕ್ಕ' ಅಂತ ಹೇಳಿಸಿಕೊಂಡ ಹೆಂಗಸು.

ನಾಯಿ ಎಳೆಯದೆ ಸಮಾಧಾನವಾಗಿ ಜೊತೆಗೆ ನಡೆಯೋದನ್ನ ಹೇಗೆ ಕಲಿಸೋದು ಅನ್ನೋದೇ ಈ ಬರಹದ ವಿಷಯ. ಲೀಶ್ ಅನ್ನಿ, ಬೆಲ್ಟ್ ಅನ್ನಿ, ಚೈನು ಅನ್ನಿ, ಇಲ್ಲಿ ನಾನು ಹಗ್ಗ ಅಂತಲೇ ಕರೆಯುತ್ತೇನೆ. ರಾಜಕೀಯ ಓದೋಕೆ ಬಂದವರಿಗೆ ನಾಯಿ ಹಗ್ಗದ ಪಾಠ ಯಾಕೆ ಅಂತ ಕೇಳಬಹುದು. ಕಾರಣ ಇದೆ.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಅಂದಿತು. ಹನ್ನೊಂದು ದಿನ ಕಳೆದ ಮೇಲೆ ಮೂವರ ಪೀಠ ಅದನ್ನು ಬದಲಿಸಿತು. ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ವಾಪಸ್ ಬಿಡಿ, ಆದರೆ ರೇಬೀಸ್ ಇರೋ, ರೇಬೀಸ್ ಶಂಕೆ ಇರೋ ಅಥವಾ ಆಕ್ರಮಣಕಾರಿ ಸ್ವಭಾವದ ನಾಯಿಗಳನ್ನು ಬಿಡಬೇಡಿ ಎಂದಿತು. ನವೆಂಬರ್ 7ರಂದು ಇನ್ನೊಂದು ಆದೇಶ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಕಡೆ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡುವಂತಿಲ್ಲ.

ಈ ಆದೇಶಗಳ ಬಗ್ಗೆ ನಿಮ್ಮ ನಿಲುವು ಏನೇ ಇರಲಿ, 'ಆಕ್ರಮಣಕಾರಿ' ಅನ್ನೋ ಪದವನ್ನು ಸ್ವಲ್ಪ ಹಿಡಿದು ನೋಡಿ. ಒಂದು ಬೀದಿನಾಯಿ ತನ್ನ ಬೀದಿಗೆ ವಾಪಸ್ ಬರುತ್ತೋ ಇಲ್ವೋ ಅನ್ನೋದು ಈಗ ಆ ಪದದ ಮೇಲೆ ನಿಂತಿದೆ. ಬಿಗಿದ ಚೈನಿನಲ್ಲಿ ಮುಂಗಾಲು ಎತ್ತಿ ಬೊಗಳುತ್ತಾ ನುಗ್ಗೋ ಸಾಕುನಾಯಿ ದಿನಾ ಅದೇ ಹೊತ್ತಿಗೆ ಅದೇ ಬೀದಿನಾಯಿಗಳ ಜಾಗಕ್ಕೆ ಬರುತ್ತದೆ. ಒಂದು ದಿನ ಗಲಾಟೆ ಆಗುತ್ತದೆ. ದೂರು ಯಾರ ಮೇಲೆ ಹೋಗುತ್ತೆ? ಸಾಕುನಾಯಿಗೆ ಮನೆ ಇದೆ, ಹೆಸರಿದೆ, ದೂರು ಬರೆಯೋಕೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್ ಇದೆ. ಬೀದಿನಾಯಿಗೆ ಇದ್ಯಾವುದೂ ಇಲ್ಲ. ಬೀದಿನಾಯಿ ಕಡಿತ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕಡಿಸಿಕೊಳ್ಳುವವರಲ್ಲಿ ಬಯಲಲ್ಲಿ ಆಡೋ, ನಡೆದೇ ಶಾಲೆಗೆ ಹೋಗೋ ಬಡವರ ಮಕ್ಕಳಿದ್ದಾರೆ, ಮತ್ತು ರೇಬೀಸ್ ಲಕ್ಷಣ ಶುರುವಾದ ಮೇಲೆ ಬದುಕೋದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಬೀದಿಯಲ್ಲಿ ನಡೆಯೋ ಎಲ್ಲ ಜಗಳವನ್ನೂ ಬೀದಿನಾಯಿಯೇ ಶುರು ಮಾಡೋದಿಲ್ಲ. ನಮ್ಮ ಕೈಯಲ್ಲಿರೋ ಹಗ್ಗದ ಪಾಲು ಎಷ್ಟು ಅಂತ ಲೆಕ್ಕ ಹಾಕಬೇಕಾದರೆ, ಆ ಹಗ್ಗ ಹೇಗೆ ಕೆಲಸ ಮಾಡುತ್ತೆ ಅಂತ ಮೊದಲು ತಿಳಿಯಬೇಕು.

ಎಳೆಯೋದಕ್ಕೆ ಸಂಬಳ ಕೊಡೋದು ನಾವೇ

ನಾಯಿ ಎಳೆಯೋದು ಹಟದಿಂದಲ್ಲ, ಅಹಂಕಾರದಿಂದಲೂ ಅಲ್ಲ. ಅದರ ಸಹಜ ನಡಿಗೆ ನಮ್ಮ ನಡಿಗೆಗಿಂತ ವೇಗ. ಇಪ್ಪತ್ತು ಗಂಟೆ ನಾಲ್ಕು ಗೋಡೆ ನಡುವೆ ಇದ್ದು ಹೊರಬಂದಿದೆ. ಎದುರಿಗೆ ಒಂದು ಲೈಟ್ ಕಂಬ. ಆ ಕಂಬದಲ್ಲಿ ನಿನ್ನೆ ರಾತ್ರಿಯಿಂದ ಯಾರ್ಯಾರು ಬಂದು ಹೋದರು ಅನ್ನೋ ಪೂರ್ತಿ ಸುದ್ದಿ ಇದೆ. ನಾಯಿ ಎಳೆಯುತ್ತದೆ, ನೀವು ನಾಲ್ಕು ಹೆಜ್ಜೆ ಹಿಂದೆ ಹೋಗುತ್ತೀರಿ, ಕಂಬ ಸಿಗುತ್ತದೆ. ಅಷ್ಟೇ. ಎಳೆದರೆ ಕಂಬ ಸಿಗುತ್ತೆ ಅಂತ ನೀವು ಕಲಿಸಿಬಿಟ್ಟಿರಿ. ಒಳ್ಳೆ ಫಲ ಕೊಟ್ಟ ನಡವಳಿಕೆ ಮತ್ತೆ ಮತ್ತೆ ಬರುತ್ತೆ ಅನ್ನೋದು ಥಾರ್ನ್‌ಡೈಕ್ ಕಾಲದಿಂದ ಮನಶ್ಶಾಸ್ತ್ರದಲ್ಲಿ ಇರೋ ಮಾತು. ಎಳೆತದ ಹಿಂದೆ ನೀವಿಡೋ ಪ್ರತಿ ಹೆಜ್ಜೆಯೂ ಎಳೆತಕ್ಕೆ ಕೊಟ್ಟ ಸಂಬಳ.

ಇನ್ನೂ ತೊಡಕಿನ ಭಾಗ ಮುಂದಿದೆ. 'ನಾನು ಯಾವಾಗಲೂ ಬಿಡೋದಿಲ್ಲ, ಆಫೀಸಿಗೆ ಲೇಟ್ ಆದಾಗ ಮಾತ್ರ ಅದು ಎಳೆದ ಕಡೆ ಹೋಗ್ತೀನಿ' ಅನ್ನೋರು ಇದ್ದಾರಲ್ಲ, ಅವರ ನಾಯಿ ಇನ್ನೂ ಜೋರಾಗಿ ಎಳೆಯುತ್ತದೆ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ಪುಸ್ತಕದಲ್ಲಿ ದಪ್ಪ ದಪ್ಪ ಗ್ರಾಫ್‌ಗಳ ಸಮೇತ ತೋರಿಸಿದ್ದು ಇದನ್ನೇ: ಪ್ರತಿಸಲ ಅಲ್ಲದೆ, ಯಾವಾಗ ಅಂತ ಗೊತ್ತಾಗದ ಹಾಗೆ ಆಗಾಗ ಸಿಗೋ ಬಹುಮಾನ ನಡವಳಿಕೆಯನ್ನು ತುಂಬ ಗಟ್ಟಿ ಮಾಡುತ್ತದೆ. ಲಾಟರಿ ಚಟ ಬಿಡದೆ ಇರೋದಕ್ಕೂ ಇದೇ ಕಾರಣ. ಹತ್ತರಲ್ಲಿ ಮೂರು ಸಲ ಎಳೆತ ಗೆದ್ದರೆ ನಿಮ್ಮ ನಾಯಿ ಲಾಟರಿ ಟಿಕೆಟ್ ತಗೊಳ್ಳುತ್ತಲೇ ಇರುತ್ತದೆ.

ಮತ್ತೆ ನಾವು ಮಾಡೋ ಮೊದಲ ಕೆಲಸ ಏನು? ವಾಪಸ್ ಎಳೆಯೋದು. ಬಸ್ಸಿನಲ್ಲಿ ಯಾರಾದರೂ ಹಿಂದಿನಿಂದ ಜಗ್ಗಿದರೆ ನೀವು ಬೀಳದೆ ಇರೋಕೆ ಮುಂದಕ್ಕೆ ವಾಲುತ್ತೀರಿ. ನಾಯಿಯೂ ಅದನ್ನೇ ಮಾಡುತ್ತದೆ. ನೀವು ಜಗ್ಗಿದಷ್ಟೂ ಅದು ಎದೆ ಕೊಟ್ಟು ಮುಂದೆ ನುಗ್ಗುತ್ತದೆ. ಎಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಓದಿದ ನೆನಪಿರೋರಿಗೆ ಇದು ಅರ್ಥವಾಗುತ್ತೆ. ಫೀಡ್‌ಬ್ಯಾಕ್ ತಡವಾಗಿ ಬಂದರೆ ಸಿಸ್ಟಮ್ ಸ್ಥಿರವಾಗೋದಿಲ್ಲ, ಓಲಾಡುತ್ತದೆ. ನಾಯಿ ಎಳೆದು ನಾಲ್ಕು ಸೆಕೆಂಡ್ ಆದ ಮೇಲೆ ನೀವು 'ಏಯ್' ಅಂತ ಗದರಿದರೆ, ಆ ಹೊತ್ತಿಗೆ ಅದು ಸುಮ್ಮನೆ ನಿಂತು ಹುಲ್ಲು ಮೂಸುತ್ತಿರುತ್ತದೆ. ಗದರಿಕೆ ಹುಲ್ಲಿನ ಖಾತೆಗೆ ಜಮಾ ಆಗುತ್ತದೆ.

'ಬಾಸ್ ಯಾರು ಅಂತ ತೋರಿಸಿ' ಅನ್ನೋ ಕಥೆ

ನಾಯಿ ಟ್ರೈನರ್‌ಗಳಲ್ಲಿ ಒಂದು ಜಾತಿ ಇದೆ. ಮನೆಗೆ ಬಂದ ಮೊದಲ ದಿನವೇ 'ಸರ್, ಇದು ನಿಮ್ಮನ್ನ ಲೀಡರ್ ಅಂತ ಒಪ್ಕೊಂಡಿಲ್ಲ' ಅಂತಾರೆ. ಬ್ಯಾಗಿನಿಂದ ಕತ್ತು ಬಿಗಿಯೋ ಚೋಕ್ ಚೈನ್ ತೆಗೀತಾರೆ. ನಾಯಿಗಳ ಲೋಕದಲ್ಲಿ ಮೇಲು ಕೀಳಿನ ಏಣಿ ಇದೆ, ಮೇಲಿನ ಮೆಟ್ಟಿಲಲ್ಲಿ ನೀವು ಇರಬೇಕು, ಅದಕ್ಕೆ ಸ್ವಲ್ಪ ನೋವು ಅನಿವಾರ್ಯ ಅನ್ನೋದು ಸಿದ್ಧಾಂತ. ಏಣಿ, ಮೆಟ್ಟಿಲು, ನೋವು ಅನಿವಾರ್ಯ. ಈ ನೆಲದಲ್ಲಿ ಬೆಳೆದ ಯಾರಿಗಾದರೂ ಈ ತರ್ಕ ಕೇಳಿದ ತಕ್ಷಣ ಅನುಮಾನ ಬರಬೇಕಿತ್ತು.

ಈ ಕಥೆಯ ಮೂಲ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯ. ರುಡಾಲ್ಫ್ ಶೆಂಕೆಲ್ ಅನ್ನೋ ವಿಜ್ಞಾನಿ ಅಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ 1947ರಲ್ಲಿ ಅವುಗಳ ನಡುವಿನ ಕಾದಾಟ, ಶ್ರೇಣಿಯ ಬಗ್ಗೆ ಬರೆದರು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತೋಳಗಳ ಮೇಲೆ ಬರೆದ ಪುಸ್ತಕ 'ಆಲ್ಫಾ' ಪದವನ್ನು ಜನಪ್ರಿಯಗೊಳಿಸಿತು. ಆಮೇಲೆ ಅದೇ ಮೆಕ್ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಕಾಡಿನ ತೋಳಗಳನ್ನು ಹತ್ತಿರದಿಂದ ನೋಡಿದರು. 1999ರ ಅವರ ಪ್ರಬಂಧ ಹೇಳಿದ್ದು: ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಕುಟುಂಬ. ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಯಾರೂ ಕಾದಾಡಿ ಸಿಂಹಾಸನ ಹಿಡಿಯೋದಿಲ್ಲ. ತಮ್ಮ ಹಳೇ ಪುಸ್ತಕ ಇನ್ನು ಅಚ್ಚು ಹಾಕಬೇಡಿ ಅಂತ ಮೆಕ್ ಪ್ರಕಾಶಕರನ್ನೇ ಕೇಳಿಕೊಂಡರು. ವಿಜ್ಞಾನಿ ತನ್ನ ಮಾತು ಹಿಂದಕ್ಕೆ ತಗೊಂಡರೂ ಟಿವಿ ಶೋಗಳು, ಯೂಟ್ಯೂಬ್ ಚಾನೆಲ್‌ಗಳು ಬಿಡಲಿಲ್ಲ. ಗದರಿಸೋಕೆ ಒಂದು ಸಿದ್ಧಾಂತ ಸಿಕ್ಕಿದರೆ ಯಾರು ತಾನೇ ಬಿಡ್ತಾರೆ?

ಇನ್ನು ನೋವು ಕೊಟ್ಟು ಕಲಿಸೋದರ ಪರಿಣಾಮ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಶಿಕ್ಷೆ ಹೆಚ್ಚು ಬಳಸೋ ತರಬೇತಿ ಶಾಲೆಗಳ ನಾಯಿಗಳು ತರಬೇತಿ ಹೊತ್ತಿನಲ್ಲಿ ಹೆಚ್ಚು ಒತ್ತಡ ತೋರಿಸಿದ್ದನ್ನು ದಾಖಲಿಸಿದೆ. ಶಾಲೆಯ ಹೊರಗೂ, ಒಂದು ಬಟ್ಟಲಲ್ಲಿ ತಿಂಡಿ ಇದೆಯೋ ಇಲ್ಲವೋ ಅನ್ನೋ ಪರೀಕ್ಷೆಯಲ್ಲಿ, ಅವು ಹೆಚ್ಚು ನಿರಾಶಾವಾದಿಗಳಾಗಿದ್ದವು. ಬೀದಿಯಲ್ಲಿ ಇದರ ಅರ್ಥ ಸರಳ. ಎದುರಿಗೆ ಇನ್ನೊಂದು ನಾಯಿ ಕಂಡಾಗಲೆಲ್ಲ ಕತ್ತು ನೋಯುತ್ತಿದ್ದರೆ, ನಾಯಿ ಕಲಿಯೋದು 'ನಾಯಿ ಕಂಡರೆ ನೋವು' ಅಂತ. ಮುಂದಿನ ಸಲ ಅದು ಇನ್ನೂ ದೂರದಿಂದಲೇ ಬೊಗಳುತ್ತದೆ.

ಏನು ಕಟ್ಟಬೇಕು

ಸಾಮಾನು ಕಮ್ಮಿ. ಎದೆ ಮೇಲೆ ವೈ ಆಕಾರದಲ್ಲಿ ಕೂರೋ, ಭುಜ ಅಲ್ಲಾಡೋಕೆ ಜಾಗ ಬಿಡೋ ಒಂದು ಹಾರ್ನೆಸ್. ಪಟ್ಟಿಯ ಒಳಗೆ ನಿಮ್ಮ ಎರಡು ಬೆರಳು ತೂರಬೇಕು. ಬೆನ್ನಿನ ಜೊತೆ ಎದೆಯ ಮುಂದೂ ಒಂದು ರಿಂಗ್ ಇದ್ದರೆ ಒಳ್ಳೇದು. ಹಗ್ಗವನ್ನು ಅಲ್ಲಿ ಸಿಕ್ಕಿಸಿದಾಗ ನಾಯಿ ಎಳೆದರೆ ಅದರ ಮೈ ನಿಮ್ಮ ಕಡೆ ತಿರುಗುತ್ತದೆ, ಎಳೆಯೋ ಬಲ ಸಿಗೋದಿಲ್ಲ. ಹಗ್ಗ ಚಪ್ಪಟೆಯದು, ಸುಮಾರು ಎರಡು ಮೀಟರ್. ಕಬ್ಬಿಣದ ಚೈನು ಬೇಡ. ಬಟನ್ ಒತ್ತಿದರೆ ಉದ್ದವಾಗೋ ಹಗ್ಗವಂತೂ ಬೇಡವೇ ಬೇಡ. ಅದರಲ್ಲಿ ಸದಾ ಸ್ವಲ್ಪ ಬಿಗಿ ಇರುತ್ತದೆ, ಬಿಗಿಯೇ ಸಹಜ ಅಂತ ನಾಯಿಗೆ ಕಲಿಸುತ್ತದೆ. ಬೈಕು, ಆಟೋ ನುಗ್ಗೋ ನಮ್ಮ ರಸ್ತೆಗಳಲ್ಲಿ ಐದು ಮೀಟರ್ ಮುಂದೆ ನಾಯಿ ಇರೋದು ಅಪಾಯ ಬೇರೆ.

ಕತ್ತಿನ ಪಟ್ಟಿ ನಂಬರ್ ಪ್ಲೇಟ್ ಥರ, ಗುರುತಿಗೆ ಇರಲಿ. ಎಳೆಯೋ ನಾಯಿಗೆ ಅದರಿಂದ ಹಗ್ಗ ಕಟ್ಟಬೇಡಿ. ಕತ್ತಿನಲ್ಲಿ ಶ್ವಾಸನಾಳ, ಥೈರಾಯ್ಡ್, ದೊಡ್ಡ ರಕ್ತನಾಳಗಳು ಎಲ್ಲ ಇವೆ. ಕತ್ತಿನ ಪಟ್ಟಿಯಿಂದ ಎಳೆದಾಗ ನಾಯಿಯ ಕಣ್ಣಿನೊಳಗಿನ ಒತ್ತಡ ಏರುತ್ತೆ, ಹಾರ್ನೆಸ್‌ನಿಂದ ಎಳೆದಾಗ ಹಾಗಾಗೋದಿಲ್ಲ ಅಂತ 2006ರ ಒಂದು ಅಧ್ಯಯನ ಅಳೆದು ತೋರಿಸಿದೆ. ಚೋಕ್ ಚೈನ್, ಒಳಗೆ ಮುಳ್ಳಿರೋ ಕಾಲರ್ ಎರಡನ್ನೂ ಮರೆತುಬಿಡಿ. ವೇಲ್ಸ್ ದೇಶ ಶಾಕ್ ಕೊಡೋ ಕಾಲರ್‌ಗಳನ್ನು 2010ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುತ್ತವೆ.

ಮುಧೋಳ ನಾಯಿ ಸಾಕಿದವರಿಗೆ ಒಂದು ಪ್ರತ್ಯೇಕ ಮಾತು. 2016ರಲ್ಲಿ ಸೇನೆ ತರಬೇತಿಗೆ ತಗೊಂಡು, 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋ ಭಾಷಣದಲ್ಲಿ ಹೊಗಳಿದ ಮೇಲೆ ಬಾಗಲಕೋಟೆಯ ಈ ಬೇಟೆನಾಯಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಅದು ಕಣ್ಣಿನಿಂದ ಬೇಟೆ ಆಡೋ ತಳಿ. ಬಯಲಲ್ಲಿ ಮೊಲ ಓಡಿದರೆ ಹಿಂದೆ ಬೀಳೋಕೇ ಅದನ್ನು ತಲೆತಲೆಮಾರಿನಿಂದ ಬೆಳೆಸಿದ್ದು. ಟೂಬಿಎಚ್‌ಕೆ ಫ್ಲಾಟಿನಲ್ಲಿ ಅದಕ್ಕೆ ಮೊಲದ ಬದಲು ಬೆಕ್ಕು, ಅಳಿಲು, ಸ್ಕೂಟರ್ ಕಾಣುತ್ತೆ. ತಲೆ ಸಪೂರ, ಕತ್ತು ದಪ್ಪ ಆಗಿರೋದರಿಂದ ಮಾಮೂಲಿ ಪಟ್ಟಿಯಿಂದ ಸರಕ್ಕನೆ ತಲೆ ಜಾರಿಸಿಕೊಳ್ಳುತ್ತದೆ. ಅದಕ್ಕೆ ಹೊಂದೋ ಹಾರ್ನೆಸ್ ಬೇಕು, ಜೊತೆಗೆ ಬೇಲಿ ಇರೋ ಜಾಗದಲ್ಲಿ ವಾರಕ್ಕೆ ಕೆಲವು ಸಲ ಬಿಟ್ಟು ಓಡಿಸಬೇಕು. ಅದು ಸಾಧ್ಯವಿಲ್ಲದವರು ದೇಶಭಕ್ತಿಗೋಸ್ಕರ ಮುಧೋಳ ನಾಯಿ ತರಬೇಡಿ.

ನಿಲ್ಲೋದೇ ಪಾಠ

ವಿಧಾನ ಒಂದು ಸಾಲಿನಲ್ಲಿ ಹೇಳಬಹುದು: ಹಗ್ಗ ಸಡಿಲ ಇದ್ದರೆ ನಡೆಯಿರಿ, ಬಿಗಿಯಾದರೆ ನಿಲ್ಲಿ. ಕಷ್ಟ ಇರೋದು ಅದನ್ನು ಪ್ರತಿಸಲ ಮಾಡೋದರಲ್ಲಿ.

ಶುರು ಬೀದಿಯಲ್ಲಲ್ಲ, ಮನೆಯ ಹಾಲ್‌ನಲ್ಲಿ. ಬೇಯಿಸಿದ ಚಿಕನ್, ಮೊಟ್ಟೆ, ಪನೀರ್, ಏನು ಸಿಗುತ್ತೋ ಅದನ್ನು ಬಟಾಣಿ ಗಾತ್ರಕ್ಕೆ ಕತ್ತರಿಸಿ ಡಬ್ಬಿಗೆ ಹಾಕಿಕೊಳ್ಳಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ, ಅವು ಹತ್ತಿರ ಬರಬಾರದು. ಎರಡು ಹೆಜ್ಜೆ ನಡೆಯಿರಿ. ನಾಯಿ ಪಕ್ಕದಲ್ಲಿ ಬಂದ ಕ್ಷಣವೇ ಒಂದು ಚಿಕ್ಕ ಶಬ್ದ ಹೇಳಿ. 'ಭೇಷ್' ಅನ್ನಿ, 'ಹ್ಞಾಂ' ಅನ್ನಿ, ಏನಾದರೂ ಸರಿ, ಮನೆಯವರೆಲ್ಲ ಅದನ್ನೇ ಹೇಳಬೇಕು. ಹೇಳಿದ ತಕ್ಷಣ ನಿಮ್ಮ ಮೊಣಕಾಲಿನ ಪಕ್ಕದಲ್ಲೇ ಚೂರು ಕೊಡಿ, ಮುಂದೆ ಕೈ ಚಾಚಿ ಕೊಡಬೇಡಿ. ನಾಯಿಗೆ ಬಹುಮಾನ ಸಿಗೋ ಜಾಗದಲ್ಲೇ ಇರೋದು ಇಷ್ಟ. ಮೊಣಕಾಲಿನ ಪಕ್ಕ ಸಿಕ್ಕಿದರೆ ಮೊಣಕಾಲಿನ ಪಕ್ಕವೇ ಇರುತ್ತದೆ. ಶಬ್ದ ಯಾಕೆ ಬೇಕು ಅಂದ್ರೆ, ಕೈ ಡಬ್ಬಿಗೆ ಹೋಗಿ ಬರೋ ಹೊತ್ತಿಗೆ ತಡ ಆಗಿರುತ್ತದೆ. ಶಬ್ದ ಆ ತಡವನ್ನು ತುಂಬುತ್ತದೆ. ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕರೆನ್ ಪ್ರಯರ್ ನಾಯಿ ತರಬೇತಿಗೆ ಜನಪ್ರಿಯಗೊಳಿಸಿದ್ದು ಇದನ್ನೇ. ನೀರಿನಲ್ಲಿರೋ ಡಾಲ್ಫಿನ್‌ಗೆ ಹಗ್ಗ ಕಟ್ಟಿ ಜಗ್ಗೋಕೆ ಆಗೋದಿಲ್ಲವಲ್ಲ.

ಹಾಲ್‌ನಲ್ಲಿ ಬಂದ ಮೇಲೆ ಕಾರಿಡಾರ್, ಇಲ್ಲವೇ ಟೆರೇಸ್. ಆಮೇಲೆ ಗೇಟಿನ ಒಳಗೆ. ಆಮೇಲೆ ಗೇಟಿನ ಹೊರಗೆ, ಜನ ಕಮ್ಮಿ ಇರೋ ಹೊತ್ತಿನಲ್ಲಿ. ಹೊಸ ಜಾಗದಲ್ಲಿ ಪಾಠ ಮತ್ತೆ ಒಂದನೇ ಕ್ಲಾಸಿನಿಂದ ಶುರುವಾಗುತ್ತೆ ಅಂತ ಮೊದಲೇ ಒಪ್ಪಿಕೊಳ್ಳಿ.

ಬೀದಿಯಲ್ಲಿ ಹಗ್ಗ ಬಿಗಿಯಾದ ಕ್ಷಣ ಮರದ ಹಾಗೆ ನಿಲ್ಲಿ. ಜಗ್ಗಬೇಡಿ, ಬೈಬೇಡಿ, ಮಾತೂ ಬೇಡ. ನಾಯಿ ಹಿಂದೆ ತಿರುಗಿ ನೋಡುತ್ತದೆ ಅಥವಾ ಒಂದು ಹೆಜ್ಜೆ ಹಿಂದಕ್ಕೆ ಬರುತ್ತದೆ, ಹಗ್ಗ ಸಡಿಲವಾಗುತ್ತದೆ. 'ಭೇಷ್', ಚೂರು, ನಡಿಗೆ. ಅರ್ಧ ನಿಮಿಷವಾದರೂ ತಿರುಗದಿದ್ದರೆ ಸದ್ದಿಲ್ಲದೆ ವಿರುದ್ಧ ದಿಕ್ಕಿಗೆ ನಾಲ್ಕು ಹೆಜ್ಜೆ ಹಾಕಿ. ಮೊದಲ ವಾರ ಹದಿನೈದು ನಿಮಿಷದಲ್ಲಿ ಐವತ್ತು ಮೀಟರ್ ದಾಟಿದರೆ ದೊಡ್ಡದು. ಎದುರು ಮನೆಯವರು ನಗ್ತಾರೆ, ನಗಲಿ. ಮೊದಲ ಕೆಲವು ದಿನ ನಾಯಿ ಇನ್ನೂ ಜೋರಾಗಿ ಎಳೆಯಬಹುದು. ಇಷ್ಟು ದಿನ ನಡೀತಿದ್ದ ಮೆಷಿನ್ ಇವತ್ತು ಕೆಟ್ಟಿದೆ ಅಂದ್ರೆ ನಾವೂ ಎರಡು ಸಲ ಗುದ್ದಿ ನೋಡ್ತೀವಲ್ಲ, ಹಾಗೆ. ಬಹಳ ಜನ ಬಿಟ್ಟುಕೊಡೋದು ಇದೇ ಹಂತದಲ್ಲಿ, ಮತ್ತು ಇಲ್ಲಿ ಬಿಟ್ಟುಕೊಟ್ಟರೆ ಜೋರಾಗಿ ಎಳೆದರೆ ಗೆಲುವು ಅನ್ನೋ ಹೊಸ ಪಾಠ ಕಲಿಸಿದ ಹಾಗಾಗುತ್ತೆ.

ಚಿಕನ್ ಚೂರು ಮಾತ್ರವೇ ಬಹುಮಾನ ಅಲ್ಲ. ಆ ಲೈಟ್ ಕಂಬ ಇದೆಯಲ್ಲ, ಅದೇ ದೊಡ್ಡ ಬಹುಮಾನ. ಹತ್ತು ಹೆಜ್ಜೆ ಸಡಿಲ ಹಗ್ಗದಲ್ಲಿ ಬಂದರೆ 'ಹೋಗು, ಮೂಸು' ಅಂತ ಹೇಳಿ, ನೀವೇ ಕಂಬದ ಹತ್ತಿರ ಕರೆದುಕೊಂಡು ಹೋಗಿ. ಎರಡು ನಿಮಿಷ ಮೂಸಲಿ. ಮೂಗಿಗೆ ಕೆಲಸ ಕೊಟ್ಟ ನಾಯಿಗಳು ಹೆಚ್ಚು ಆಶಾವಾದಿಗಳಾಗಿದ್ದವು ಅಂತ 2019ರ ಒಂದು ಪ್ರಯೋಗ ಹೇಳುತ್ತೆ. ಪಕ್ಕದಲ್ಲೇ ಕವಾಯತು ಮಾಡುತ್ತಾ ನಡೆಯೋದು ಪೊಲೀಸ್ ಪರೇಡಿಗೆ ಇರಲಿ. ಮನೆ ನಾಯಿಗೆ ಬೇಕಾದ್ದು ಜೋತುಬಿದ್ದ ಹಗ್ಗ, ಅಷ್ಟೇ.

ಹಗ್ಗವನ್ನು ಬಲೆಯಾಗಿ ಕಂಡ ನಾಯಿ

ನಾಡತಳಿ ದತ್ತು ತಗೊಳ್ಳೋ ಯುವಜನ ಈಗ ಜಾಸ್ತಿ, ಒಳ್ಳೇ ವಿಷಯ. ಆದರೆ ಎರಡು ವರ್ಷ ಬೀದಿಯಲ್ಲಿ ಬೆಳೆದ ನಾಯಿಗೆ ಹಗ್ಗ ಅಂದ್ರೆ ಏನು ಅಂತ ಯೋಚಿಸಿ. ಅದು ಹಗ್ಗ, ಬಲೆ ನೋಡಿರೋದು ನಾಯಿ ಹಿಡಿಯೋ ವ್ಯಾನ್ ಬಂದಾಗ. ನೀವು ಪ್ರೀತಿಯಿಂದ ಹಾರ್ನೆಸ್ ತಂದರೆ ಅದು ನೆಲಕ್ಕೆ ಅಂಟಿ ಕೂರುತ್ತದೆ, ನಡುಗುತ್ತದೆ, ಇಲ್ಲಾಂದ್ರೆ ಉರುಳಾಡಿ ಕಡಿಯೋಕೆ ಬರುತ್ತದೆ. ಎಳೆದುಕೊಂಡು ಹೋದರೆ ಅದರ ಅನುಮಾನ ನಿಜ ಅಂತ ಸಾಬೀತು ಮಾಡಿದ ಹಾಗೆ.

ಊಟದ ತಟ್ಟೆ ಪಕ್ಕ ಮೂರು ನಾಲ್ಕು ದಿನ ಹಾರ್ನೆಸ್ ಸುಮ್ಮನೆ ಬಿದ್ದಿರಲಿ. ಆಮೇಲೆ ಅದರ ತೂತಿನಿಂದ ಚೂರು ಕೊಡಿ, ಮೂತಿ ತಾನಾಗೇ ತೂರಿಸಲಿ. ಬಕಲ್ ಹಾಕಿದ ಸದ್ದಿಗೆ ಒಂದು ಚೂರು. ಹಾಕಿಕೊಂಡು ಮನೆಯಲ್ಲೇ ಓಡಾಡಲಿ. ಹಗುರ ಹಗ್ಗವೊಂದನ್ನು ಸಿಕ್ಕಿಸಿ, ನೀವು ನೋಡುತ್ತಿರೋವಾಗ, ಎಳೆದಾಡಿಕೊಂಡು ತಿರುಗಲಿ. ಕೈಯಲ್ಲಿ ಹಗ್ಗ ಹಿಡಿಯೋದು ಕೊನೆಗೆ. ಇದಕ್ಕೆ ಎರಡು ವಾರ ಆಗಬಹುದು, ಎರಡು ತಿಂಗಳೂ ಆಗಬಹುದು. ಬೀದಿನಾಯಿಗೆ ಕಲಿಯೋ ಬುದ್ಧಿ ಇಲ್ಲ ಅನ್ನೋರಿಗೆ ಒಂದು ಮಾಹಿತಿ: ಕೋಲ್ಕತ್ತದ ಐಐಎಸ್‌ಇಆರ್‌ನ ಅನಿಂದಿತಾ ಭದ್ರ ಅವರ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾವ ತರಬೇತಿಯೂ ಇಲ್ಲದ ಬೀದಿನಾಯಿಗಳು ಅಪರಿಚಿತ ಮನುಷ್ಯ ಕೈ ತೋರಿಸಿದ ಕಡೆಗೆ ಹೋದವು. ನಮ್ಮನ್ನು ಓದೋದನ್ನ ಅವು ಚೆನ್ನಾಗೇ ಕಲಿತಿವೆ.

ಎದುರಿಗೆ ಬೀದಿನಾಯಿಗಳು ಬಂದಾಗ

ಬಿಬಿಎಂಪಿಯ 2023ರ ಸಮೀಕ್ಷೆ ಪ್ರಕಾರ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಅಂದ್ರೆ ನಿಮ್ಮ ವಾಕಿಂಗ್ ದಾರಿ ಯಾವುದೇ ಇರಲಿ, ಅದು ಯಾವುದೋ ನಾಯಿಗಳ ಅಂಗಳ. ಅವುಗಳಿಗೆ ಗಡಿ ಇದೆ. ಒಂದು ವಾರ ಗಮನಿಸಿದರೆ ಯಾವ ಟ್ರಾನ್ಸ್‌ಫಾರ್ಮರ್ ದಾಟಿದ ಮೇಲೆ ಬೊಗಳೋಕೆ ಶುರು, ಯಾವ ಅಂಗಡಿ ದಾಟಿದರೆ ಸುಮ್ಮನಾಗುತ್ತವೆ ಅಂತ ಗೊತ್ತಾಗುತ್ತದೆ.

ನಾವು ಮಾಡೋ ತಪ್ಪು ಕೆಲಸ ಅಂದ್ರೆ ಬೀದಿನಾಯಿ ಕಂಡ ತಕ್ಷಣ ಹಗ್ಗ ಗಿಡ್ಡ ಮಾಡಿ ಬಿಗಿಯಾಗಿ ಹಿಡಿಯೋದು. ಬಿಗಿದ ಹಗ್ಗ ನಿಮ್ಮ ನಾಯಿಯ ಎದೆಯನ್ನು ಮೇಲೆತ್ತುತ್ತದೆ, ತಲೆ ನೆಟ್ಟಗಾಗುತ್ತದೆ. ನಾಯಿಗಳ ಮೈಭಾಷೆಯಲ್ಲಿ ಅದು 'ಬಾ ನೋಡೇಬಿಡೋಣ' ಅಂದ ಹಾಗೆ. ನಿಮ್ಮ ನಾಯಿಗೆ ಆ ಉದ್ದೇಶವೇ ಇರಲಿಕ್ಕಿಲ್ಲ, ಹಗ್ಗ ಅದರ ಬಾಯಲ್ಲಿ ಆ ಮಾತು ಆಡಿಸುತ್ತದೆ. ಮುಖಾಮುಖಿ ನೇರ ಹೋಗೋದೂ ಹಾಗೆಯೇ. ಪರಿಚಯ ಇಲ್ಲದ ನಾಯಿಗಳು ತಾವಾಗಿಯೇ ಭೇಟಿ ಆದರೆ ಅರ್ಧಚಂದ್ರದ ಹಾಗೆ ಬಳಸಿಕೊಂಡು ಬರುತ್ತವೆ.

ಹಾಗಾಗಿ ದೂರ ಇರೋವಾಗಲೇ, ನಿಮ್ಮ ನಾಯಿ ಅವನ್ನು ನೋಡಿಯೂ ಚೂರು ತಿನ್ನೋ ಸ್ಥಿತಿಯಲ್ಲಿರೋವಾಗಲೇ, ರಸ್ತೆ ದಾಟಿ ಇಲ್ಲವೇ ಬಳಸಿ ಹೋಗಿ. ಚೂರು ತಿನ್ನೋದು ನಿಲ್ಲಿಸಿದೆ ಅಂದ್ರೆ ನೀವು ಈಗಾಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ಅದು ಬೀದಿನಾಯಿ ಕಡೆ ನೋಡಿದಾಗಲೆಲ್ಲ 'ಭೇಷ್' ಹೇಳಿ ಚೂರು ಕೊಡಿ. ಕೆಲವು ವಾರದಲ್ಲಿ ಬೀದಿನಾಯಿ ಕಂಡರೆ ಅದು ನಿಮ್ಮ ಮುಖ ನೋಡೋಕೆ ಶುರು ಮಾಡುತ್ತದೆ. ಓಡಬೇಡಿ, ಕೋಲು ಬೀಸಬೇಡಿ. ಆ ಬೀದಿನಾಯಿಗಳಿಗೆ ಊಟ ಹಾಕೋರು ಯಾರು ಅಂತ ತಿಳಿದು ಮಾತಾಡಿಸಿ. ಯಾವುದಕ್ಕೆ ಲಸಿಕೆ ಆಗಿದೆ, ಯಾವುದು ಮರಿ ಹಾಕಿದೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ಮರಿ ಹಾಕಿದ ತಾಯಿ ಇರೋ ಬೀದಿಗೆ ಎರಡು ತಿಂಗಳು ಹೋಗಬೇಡಿ.

ನಿಲ್ಲೋ ಅಧಿಕಾರ ಯಾರಿಗಿದೆ

ಈಗ ಆ ವಾಕಿಂಗ್ ಹುಡುಗನ ವಿಷಯಕ್ಕೆ ಬರೋಣ. ಮೇಲೆ ಹೇಳಿದ ಇಡೀ ವಿಧಾನದ ಜೀವ ಇರೋದು ಎಲ್ಲಿ? ನಿಲ್ಲೋದರಲ್ಲಿ. ಹಗ್ಗ ಬಿಗಿಯಾದಾಗಲೆಲ್ಲ, ಪ್ರತಿಸಲ, ಎಷ್ಟೇ ಹೊತ್ತಾದರೂ ನಿಲ್ಲೋದರಲ್ಲಿ. ನಾವು ಅವನಿಗೆ ದುಡ್ಡು ಕೊಡೋದು ಯಾವುದಕ್ಕೆ? ರೌಂಡಿಗೆ. ಇಪ್ಪತ್ತು ನಿಮಿಷ, ಎರಡು ರೌಂಡು, ಆಮೇಲೆ ಮುಂದಿನ ಮನೆ. ಎರಡು ಕೈಯಲ್ಲಿ ಮೂರು ನಾಯಿ ಹಿಡಿದವನು ಒಂದರ ಹಗ್ಗ ಬಿಗಿಯಾಯಿತು ಅಂತ ನಿಂತರೆ ಉಳಿದೆರಡು ಅವನ ಕಾಲಿಗೆ ಸುತ್ತಿಕೊಳ್ಳುತ್ತವೆ. ಅರ್ಧ ಬೀದಿ ಹೋಗಿ ವಾಪಸ್ ಬಂದರೆ 'ಇಷ್ಟು ಬೇಗ ಬಂದ್ಯಾ?' ಅನ್ನೋ ಪ್ರಶ್ನೆ ಬಾಲ್ಕನಿಯಿಂದ ಬರುತ್ತದೆ. ವಾರಾಂತ್ಯದಲ್ಲಿ ನೀವು ಟ್ರೈನರ್‌ಗೆ ಸಾವಿರಗಟ್ಟಲೆ ಕೊಟ್ಟು ಕಲಿಸಿದ್ದು, ವಾರದ ಐದು ದಿನ ಲಾಟರಿ ಟಿಕೆಟ್ಟಾಗಿ ಹಂಚಿಹೋಗುತ್ತದೆ. ಇದರಲ್ಲಿ ಅವನ ತಪ್ಪಿಲ್ಲ. ಅವನ ಕೈಗೆ ಹಗ್ಗ ಕೊಟ್ಟಿದ್ದೀವಿ, ನಿಲ್ಲೋ ಅಧಿಕಾರ ಕೊಟ್ಟಿಲ್ಲ.

ಏನಾದರೂ ಆದರೆ ಹೊಣೆ ಮಾತ್ರ ಅವನಿಗೂ ಬರಬಹುದು. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಾಣಿಯಿಂದ ಮನುಷ್ಯರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದ ನಿರ್ಲಕ್ಷ್ಯಕ್ಕೆ ಆರು ತಿಂಗಳವರೆಗೆ ಜೈಲು, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಅನ್ನುತ್ತದೆ. ಆ ಸೆಕ್ಷನ್ 'ಮಾಲೀಕ' ಅನ್ನೋ ಪದ ಬಳಸೋದಿಲ್ಲ. ಪ್ರಾಣಿ ಯಾರ ವಶದಲ್ಲಿದೆಯೋ ಅವರು ಅನ್ನುತ್ತದೆ. ಬೆಳಗ್ಗೆ ಆರೂವರೆಗೆ ನಿಮ್ಮ ನಾಯಿ ಯಾರ ವಶದಲ್ಲಿರುತ್ತೆ?

ಇನ್ನೊಂದು ಕಡೆ, ನಾಯಿಯನ್ನು ಸದಾ ಕಟ್ಟಿಹಾಕಿ ಅಥವಾ ಕೂಡಿಹಾಕಿ, ಓಡಾಡಿಸದೆ ಇಡೋ ಮಾಲೀಕ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತಪ್ಪಿತಸ್ಥ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಅದೇ ದರ. ಸಾಕುನಾಯಿಗಳನ್ನು ಲಿಫ್ಟ್‌ನಿಂದ ದೂರ ಇಡುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ, ಒಳ್ಳೇದೇ. ಅದೇ ನಾಯಿಯನ್ನು ಕರೆದುಕೊಂಡು ಹೋಗೋ ಅಕ್ಕನಿಗೆ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಸರ್ವಿಸ್ ಲಿಫ್ಟ್ ಮಾತ್ರ. ನಾಯಿ ಜೊತೆಗಿದ್ದಾಗ ಅವರು ಯಾವ ಲಿಫ್ಟ್ ಹತ್ತಬೇಕು ಅಂತ ನಿಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಒಂದು ಸಲ ಕೇಳಿ ನೋಡಿ.

ವಾಕಿಂಗ್‌ಗೆ ಜನ ಇಟ್ಟುಕೊಂಡಿರೋರು ಮಾಡಬಹುದಾದ್ದು ದೊಡ್ಡದೇನಲ್ಲ. ಮೊದಲ ವಾರ ನೀವೂ ಜೊತೆಗೆ ಹೋಗಿ. ಟ್ರೈನರ್ ಬಂದ ದಿನ ಅವರನ್ನೂ ಕರೆಯಿರಿ, ಆ ಗಂಟೆಗೂ ಕೂಲಿ ಕೊಡಿ. ರೌಂಡಿನ ಲೆಕ್ಕ ಬಿಟ್ಟು ಹೊತ್ತಿನ ಲೆಕ್ಕ ಹಿಡಿಯಿರಿ, ಒಂದು ಸಲಕ್ಕೆ ಒಂದೇ ನಾಯಿ. ಗೇಟಿನ ಮುಂದೆಯೇ ಅರ್ಧ ಗಂಟೆ ನಿಂತು ವಾಪಸ್ ಬಂದರೂ ಪೂರ್ತಿ ದುಡ್ಡು ಅಂತ ಬಾಯಿಬಿಟ್ಟು ಹೇಳಿ. ಹೇಳದೆ ಅವರಿಗೆ ಗೊತ್ತಾಗೋದಿಲ್ಲ. ರೇಬೀಸ್ ಮುಂಜಾಗ್ರತಾ ಲಸಿಕೆಯ ಖರ್ಚು ನಿಮ್ಮದು. ಹಗ್ಗದ ಜೊತೆ ಚಿಕನ್ ಡಬ್ಬಿಯನ್ನೂ ದಿನಾ ಅವರ ಕೈಗೆ ಕೊಡಿ. ದೀಪಾವಳಿ ವಾರ ಪಟಾಕಿ ಸದ್ದಿನಲ್ಲಿ ನಾಯಿ ಬೆದರಿ ಹಗ್ಗ ಕಿತ್ತುಕೊಳ್ಳೋದು ಜಾಸ್ತಿ, ಆ ದಿನಗಳಲ್ಲಿ ನಸುಕಿನಲ್ಲೇ ಗೇಟಿನ ಹತ್ತಿರ ಐದು ನಿಮಿಷ ಹೋಗಿ ಬಂದರೆ ಸಾಕು.